ಅನುದಾನರಹಿತ

ಲಕ್ಷ್ಮವ್ವ ತನ್ನನ್ನು 'ಅಕ್ಕೋರ' ಎಂದು ಕರೆಯುವುದನ್ನು ರಾಗಿಣಿ ತಡೆದಿರಲಿಲ್ಲ. ಗದಗದ ಕಡೆಯವರು ಹಾಗೆ ಕರೆಯುವುದು ಟೀಚರಮ್ಮನನ್ನು ಎಂದು ಗೊತ್ತಾದ ದಿನ ಡೈರಿಯಲ್ಲಿ ಒಂದೆರಡು ಸಾಲು ಬರೆದಿಟ್ಟಳು: 'ನಾನು ಆಫೀಸಿನವಳು, ಟೀಚರ್ ಅಲ್ಲ ಅಂತ ಹೇಳಬೇಕಿತ್ತು. ಕೇಳೋಕೆ ಚೆನ್ನಾಗಿತ್ತು, ಸುಮ್ಮನಿದ್ದುಬಿಟ್ಟೆ.'

ಟೀಚರ್ ಆಗಲೆಂದೇ ಅವಳು ಅತ್ತಿಗುಪ್ಪೆಯ ಈ ಖಾಸಗಿ ಶಾಲೆಗೆ ಬಂದದ್ದು. ಡೆಮೊ ಕ್ಲಾಸಿನ ದಿನ ಮಕ್ಕಳ ಮುಂದೆ ಬೋರ್ಡಿನ ಮೇಲೆ ತಾರೀಖನ್ನು ಬರೆಯುವುದು, ಒರೆಸುವುದು, ಮತ್ತೆ ಬರೆಯುವುದು, ಇಷ್ಟೇ ಮಾಡಿದ್ದಳು. "ನಿಂಗೆ ಆಫೀಸೇ ಸರಿ ಕಣಮ್ಮ" ಎಂದು ಕಾರ್ಯದರ್ಶಿ ಚಕ್ರಪಾಣಿ ಕಂಪ್ಯೂಟರ್ ಮುಂದೆ ಕೂರಿಸಿದರು. ಟಿ.ಸಿ., ಸ್ಟಡಿ ಸರ್ಟಿಫಿಕೇಟು, ಸುತ್ತೋಲೆ, ಎಲ್ಲ ಅವಳ ಕೈಯಿಂದಲೇ ಟೈಪಾಗಿ ಹೊರಗೆ ಹೋಗುತ್ತಿದ್ದವು.

ಲಕ್ಷ್ಮವ್ವ ವಿಜಯನಗರದ ಒಂದು ಪಿ.ಜಿ.ಯಲ್ಲಿ ರೊಟ್ಟಿ ಬಡಿಯುವವಳು. ಮಗಳು ವಚನಾ ಒಂದನೇ ತರಗತಿ. ಆ ಮಗುವಿಗೆ 'ಕ' ಬರುತ್ತಿರಲಿಲ್ಲ, ಅದರ ಜಾಗದಲ್ಲಿ 'ತ' ಬರುತ್ತಿತ್ತು. ಬೆಳಿಗ್ಗೆ ಅವಳನ್ನು ಡೆಲಿವರಿ ಗಾಡಿಯಲ್ಲಿ ತಂದು ಬಿಡುತ್ತಿದ್ದವನು ಚಿಕ್ಕಪ್ಪ ಅಮರೇಶ, ಇಪ್ಪತ್ತಮೂರರ ಹುಡುಗ. ಅವರ ಕಡೆ ಚಿಕ್ಕಪ್ಪನೆಂದರೆ ಕಾಕಾ. ಮಗು ಗೇಟಿನಲ್ಲಿ ನಿಂತು "ತಾತಾ, ತಾತಾ" ಎಂದು ಕೈ ಬೀಸಿದರೆ ವ್ಯಾನ್ ಡ್ರೈವರುಗಳಿಗೆ ಹಬ್ಬ.

"ಏನ್ ಗುರು, ಮೀಸೆನೇ ನೆಟ್ಟಗೆ ಬಂದಿಲ್ಲ, ಆಗ್ಲೇ ತಾತ ಆಗ್ಬಿಟ್ಯಾ?"

ಅಮರೇಶನೂ ನಗುತ್ತಿದ್ದ. ವಚನಾ ಮಾತ್ರ ನಗುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ದಸರಾ ರಜೆ ಮುಗಿಯುವಷ್ಟರಲ್ಲಿ ಕೈ ಬೀಸುವುದೊಂದೇ ಉಳಿಯಿತು, ಕರೆಯುವುದು ನಿಂತಿತು. ಆಮೇಲೆ ತರಗತಿಯಲ್ಲೂ ಬಾಯಿ ತೆರೆಯಲಿಲ್ಲ. "ಹೆಸರು ನೋಡಿದ್ರೆ ವಚನಾ" ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಅಂದದ್ದು ಆಫೀಸಿನವರೆಗೂ ಕೇಳಿಸಿತ್ತು.

ಸರ್ಕಾರದ ಸಂಪನ್ಮೂಲ ಕೇಂದ್ರದಲ್ಲಿ ಶನಿವಾರ ಶನಿವಾರ ಮಾತಿನ ತರಬೇತಿ ಕೊಡುತ್ತಾರೆ, ಪುಕ್ಕಟೆ, ಎಂಬ ಸುದ್ದಿಯನ್ನು ಲಕ್ಷ್ಮವ್ವನೇ ಪತ್ತೆ ಮಾಡಿಕೊಂಡು ಬಂದಳು. ಜೊತೆಗೆ ಅರ್ಜಿಯನ್ನೂ ತಂದಿದ್ದಳು. ಅದರ ತಲೆಯಲ್ಲೇ ದಪ್ಪ ಅಕ್ಷರದಲ್ಲಿತ್ತು: ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ. ಶಾಲೆಯಿಂದ ದೃಢೀಕರಣ ಪತ್ರ ಬೇಕು.

"ನಮ್ಮದು ಬರಲ್ಲಮ್ಮ ಇದ್ರಲ್ಲಿ" ಎಂದರು ಚಕ್ರಪಾಣಿ.

"ಹಂಗಾದ್ರ ಆಕಿನ್ನ ಸರ್ಕಾರಿ ಸಾಲಿಗೆ ಹಾಕ್ಲೇನ್ರಿ ಸರ?"

"ಇಂಗ್ಲಿಷ್ ಮೀಡಿಯಂ ಬಿಡಿಸ್ತೀಯಾ? ಆರು ವರ್ಷದ ಮಗು ಕಣಮ್ಮ, ತಾನಾಗೇ ಬರುತ್ತೆ. ನಮ್ಮ ಮೊಮ್ಮಗ ಅನಿಕೇತ್ ನಾಲ್ಕು ವರ್ಷ ತುಟಿ ಬಿಚ್ಚಿರಲಿಲ್ಲ, ಈಗ ಬಾಯಿ ಮುಚ್ಸೋಕಾಗಲ್ಲ. ಒಂದು ಪತ್ರ ತಗೊಂಡು ಹೋಗು, ಕೊಟ್ರೆ ಕೊಡ್ಲಿ."

ಅನಿಕೇತ್‌ನ ಬಾಯಿ ತಾನಾಗಿ ಬಿಚ್ಚಿರಲಿಲ್ಲ. ಎರಡು ವರ್ಷ, ವಾರಕ್ಕೆರಡು ಸಲ, ಬಸವೇಶ್ವರನಗರದ ಕ್ಲಿನಿಕ್ಕಿಗೆ ಹೋಗಿದ್ದ. ಅಲ್ಲಿಗೆ ಫೋನು ಮಾಡಿ ಸಮಯ ಗೊತ್ತು ಮಾಡುತ್ತಿದ್ದವಳು ರಾಗಿಣಿಯೇ. ಅದನ್ನು ಹೇಳಲು ನಾಲಗೆ ಮೇಲೇಳಲಿಲ್ಲ. ಕೈ ಮಾತ್ರ ಕೀಬೋರ್ಡಿನ ಮೇಲಿತ್ತು.

ಪತ್ರದ ನಮೂನೆ ಹಳೆಯದು. '...ಮಾನ್ಯತೆ ಪಡೆದ ಅನುದಾನರಹಿತ ಶಾಲೆಯಲ್ಲಿ ಓದುತ್ತಿದ್ದು...' ಅವಳು ಆ ಪದದಿಂದ ಎರಡಕ್ಷರ ಅಳಿಸಿ, ನಕಾರಕ್ಕೊಂದು ಗುಡಿಸು ಕೊಟ್ಟಳು. ಅನುದಾನಿತ. ಕನ್ನಡದಲ್ಲಿ ಇಷ್ಟು ಸುಲಭವಾಗಿ ಶಾಲೆಯೊಂದು ಸರ್ಕಾರದ ಹತ್ತಿರ ಸರಿಯಬಹುದೆಂದು ಎಂ.ಎ. ಓದುವಾಗ ಹೊಳೆದಿರಲಿಲ್ಲ. ಚಕ್ರಪಾಣಿ ಫೋನಿನಲ್ಲಿ ಮಾತಾಡುತ್ತಲೇ ಹನ್ನೆರಡು ಕಾಗದಗಳಿಗೆ ಸಹಿ ಹಾಕಿದರು. ಅದರಲ್ಲಿ ಇದೂ ಒಂದು.

ಹತ್ತು ಶನಿವಾರ. ಒಂದೂ ತಪ್ಪಲಿಲ್ಲ. ಕೇಂದ್ರದ ಥೆರಪಿಸ್ಟ್ ದಿವ್ಯ ಚಮಚದ ಹಿಡಿಯಿಂದ ಮಗುವಿನ ನಾಲಗೆಯ ತುದಿಯನ್ನು ಮೆಲ್ಲಗೆ ಒತ್ತಿ ಹಿಡಿಯುತ್ತಾರಂತೆ, ಗುಳುಗುಳು ನೀರು ಮುಕ್ಕಳಿಸಲು ಹೇಳುತ್ತಾರಂತೆ. ಲಕ್ಷ್ಮವ್ವ ಸೋಮವಾರಗಳಂದು ಆಫೀಸಿನ ಕಿಟಕಿಯಲ್ಲಿ ನಿಂತು ಅದನ್ನೆಲ್ಲ ಮಾಡಿ ತೋರಿಸುತ್ತಿದ್ದಳು. "ನಿನ್ನಿ ಸಂಜಿಕ 'ಕ' ಅಂದ್ಲ್ರಿ ಅಕ್ಕೋರ. ಒಂದ ಸಲ. ಆಮ್ಯಾಲ ತಾನ ಹೆದರಿ ಬಾಯಿ ಮುಚ್ಕೊಂಡ್ಲು."

ಹನ್ನೊಂದನೆಯ ವಾರ ದಿವ್ಯ ಅವರ ಫೋನು ಬಂತು. ಮಕ್ಕಳ ಪಟ್ಟಿಯನ್ನು ಶಾಲೆಗಳ ಪಟ್ಟಿಯೊಡನೆ ತಾಳೆ ನೋಡಿದ್ದರು.

"ನಿಮ್ದು ಅನುದಾನಿತ ಅಲ್ವಂತಲ್ರೀ. ನನ್ ಕೈಲಿದ್ದಿದ್ರೆ ನೋಡೇ ಇಲ್ಲ ಅಂತ ಇದ್ಬಿಡ್ತಿದ್ದೆ, ಈಗ ಮೇಲೆ ಹೋಗಿದೆ. ಶನಿವಾರದಿಂದ ಕಳಿಸ್ಬೇಡಿ. ಇನ್ನೆರಡು ತಿಂಗಳು ಸಿಕ್ಕಿದ್ರೆ ಆ ಮಗುಗೆ ಪೂರ್ತಿ ಬಂದ್ಬಿಡ್ತಿತ್ತು."

ರಾಗಿಣಿ "ಹೂಂ" ಎಂದಳು.

ಮರುದಿನ ಶಾಲೆಗೆ ನೋಟಿಸು ಬಂತು: ಸುಳ್ಳು ದೃಢೀಕರಣಕ್ಕೆ ವಿವರಣೆ ಕೊಡಿ. ಚಕ್ರಪಾಣಿ ಲಕ್ಷ್ಮವ್ವನನ್ನು ಕರೆಸಿದರು. ಅವಳು ಕೈಯಲ್ಲಿ ಹಿಟ್ಟು ಹಾಗೇ ಇರುವಂತೆ ಓಡಿಬಂದಿದ್ದಳು.

"ನಾವು ಕೊಟ್ಟ ಪತ್ರಾನ ಏನು ಮಾಡ್ದೆ ನೀನು?"

"ಏನೂ ಮಾಡಿಲ್ರಿ ಸರ. ಒಂದ ಝೆರಾಕ್ಸ್ ತಗಸಿ ಕೊಟ್ಟೀನಿ. ಆ ಅಂಗಡಿಯಂವ ಏನರ ಅಕ್ಷರಾ ಬಿಟ್ಟಾನೇನ್ರಿ ಮತ್ತ?"

"ಝೆರಾಕ್ಸ್ ಮಿಷನ್ ಅಕ್ಷರ ತಿನ್ನುತ್ತೇನಮ್ಮ?"

"ಸಾರ್, ಕಂಪ್ಯೂಟರ್‌ನಲ್ಲಿ ಕಾಪಿ ಇರುತ್ತೆ" ಎಂದಳು ರಾಗಿಣಿ. ಅದೇ ಅವಳ ಧೈರ್ಯದ ಕೊನೆ. ತೆಗೆದು ನೋಡಲಿ, ತಾನಾಗಿ ಗೊತ್ತಾಗಲಿ, ತಾನು ಹೇಳುವುದು ತಪ್ಪಲಿ ಎಂಬ ಆಸೆ.

ಚಕ್ರಪಾಣಿ ಅವಳ ಕಡೆ ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. "ಅದರಲ್ಲಿ ಏನಿದೆ ಅಂತ ನಾನು ನೋಡಲ್ಲ. ನೀನೂ ನೋಡ್ಬೇಡ. ನೋಡಿದ್ರೆ ತಪ್ಪು ಸ್ಕೂಲಿನ ಮೇಲೆ ಬರುತ್ತೆ. ಪೇಪರ್ ತಗೋ, ಬರ್ಕೋ."

ಅವರು ಹೇಳುತ್ತಾ ಹೋದರು, ರಾಗಿಣಿ ಲಕ್ಷ್ಮವ್ವನ ಹೆಸರಿನಲ್ಲಿ ಬರೆಯುತ್ತಾ ಹೋದಳು. 'ಶಾಲೆಯವರು ಕೊಟ್ಟ ಪತ್ರದಲ್ಲಿದ್ದ ಅನುದಾನರಹಿತ ಎಂಬ ಪದದಲ್ಲಿ ರಹಿತ ಎಂಬುದನ್ನು ನಾನೇ ತೆಗೆದು ತಿದ್ದಿರುತ್ತೇನೆ. ನನ್ನನ್ನು ಕ್ಷಮಿಸಬೇಕಾಗಿ ಪ್ರಾರ್ಥನೆ.' ದುಂಡಗಿನ ಅಕ್ಷರ. ಎಲ್ಲೂ ಚಿತ್ತುಕಾಟು ಬೀಳಲಿಲ್ಲ. ಅದೇ ಅವಳಿಗೆ ಅಸಹ್ಯವಾಯಿತು.

"ಸೈನ್ ಮಾಡಮ್ಮ. ಮಗೂನ ಇಲ್ಲೇ ಇಟ್ಕೋತೀವಿ. ಇಲ್ಲಾಂದ್ರೆ ಟಿ.ಸಿ. ತಗೊಂಡ್ಹೋಗು. ನಡುವರ್ಷದಲ್ಲಿ ಯಾರು ಸೇರಿಸ್ಕೋತಾರೋ ನೋಡ್ಕೋ."

"ಶನಿವಾರದ ಕ್ಲಾಸ್ರಿ ಸರ?"

"ಅದು ಮುಗೀತು ಅಂತ ಮರೆತ್ಬಿಡು."

ಲಕ್ಷ್ಮವ್ವ ತಲೆ ಆಡಿಸಿದಳು. ಏಳನೆಯ ತರಗತಿಯವರೆಗೆ ಓದಿದವಳು, ಸಹಿಗೆ ಮುಂಚೆ ಕಾಗದದ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದಿಕೊಂಡಳು. ಬೆರಳು ಹೋದಲ್ಲೆಲ್ಲ ಹಿಟ್ಟಿನ ಗುರುತು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿ ರಹಿತ ಅಂತ ಐತಲ್ರಿ ಅಕ್ಕೋರ, ಇದನ್ನ ನಾ ತಗದೀನಿ ಅಂತ. ಹಂಗಂದ್ರ ಏನ್ರಿ?"

"ಅದೆಲ್ಲ ಯಾಕಮ್ಮ ನಿಂಗೆ?" ಎಂದರು ಚಕ್ರಪಾಣಿ.

ಆದರೆ ಅವಳು ಕೇಳಿದ್ದು ರಾಗಿಣಿಯನ್ನು, ಕಾಯುತ್ತಿದ್ದುದೂ ರಾಗಿಣಿಯ ಉತ್ತರಕ್ಕೆ. ಗೊತ್ತಿಲ್ಲದ ಪದವೊಂದನ್ನು ಕದ್ದೆನೆಂದು ಒಪ್ಪಿಕೊಳ್ಳುವ ಮೊದಲು ಅದರ ಅರ್ಥವನ್ನಾದರೂ ತಿಳಿದುಕೊಳ್ಳೋಣವೆಂದು ನಿಂತಿದ್ದಳು.

"ಇಲ್ಲ ಅಂತ ಅರ್ಥ" ಎಂದಳು ರಾಗಿಣಿ. "ಸರ್ಕಾರದ್ದು ಏನೂ ಇಲ್ಲದ ಶಾಲೆ ಅಂತ."

"ಅಷ್ಟ ಏನ್ರಿ" ಎಂದ ಲಕ್ಷ್ಮವ್ವ ನಗಲು ನೋಡಿದಳು. "ನಂಗ ಆ ಮಾತಾ ಗೊತ್ತಿದ್ದಿಲ್ಲ ನೋಡ್ರಿ." ಸೆರಗಿಗೆ ಬೆರಳು ಒರೆಸಿಕೊಂಡು ಪೆನ್ನು ಹಿಡಿದಳು. 'ಲ' ಬರೆದಳು.

ರಾಗಿಣಿ ಕಾಗದವನ್ನು ಎಳೆದುಕೊಂಡಳು. ಪೆನ್ನಿನ ಮೊನೆ ಅಡ್ಡಕ್ಕೊಂದು ಉದ್ದನೆಯ ಗೀರು ಎಳೆಯಿತು.

"ಅದನ್ನ ಅಳಿಸಿದ್ದು ನಾನು ಸಾರ್."