ಅಕಾಲದ ಉಣ್ಣೆ

"ಮರಿಗಳಿಗಾದ್ರೂ ಕತ್ರಿ ಹಾಕ್ಬ್ಯಾಡ," ಎಂದು ಕೊಟ್ರವ್ವ ಗಂಡನ ಕೈ ಹಿಡಿದಳು.

ಮೈಲಾರಲಿಂಗಪ್ಪ ಆಗಲೇ ಒಂದು ಕುರಿಯನ್ನು ಕೆಡವಿ ಮೊಣಕಾಲಿನಡಿ ಒತ್ತಿಕೊಂಡಿದ್ದ. ದೀಪಾವಳಿ ಕಳೆದಿತ್ತು. ಭಾನುವಳ್ಳಿಯ ಗದ್ದೆಗಳ ಮೇಲೆ ಬೆಳಗಿನ ಮಂಜು ಕೂರತೊಡಗಿತ್ತು. ಚಳಿ ಶುರುವಾಗುವ ಈ ಕಾಲದಲ್ಲಿ ಕುರಿಯ ಉಣ್ಣೆ ಕತ್ತರಿಸಿದವರನ್ನು ಅವನೂ ಕಂಡಿರಲಿಲ್ಲ, ಅವನಪ್ಪನೂ ಕಂಡಿರಲಿಲ್ಲ.

ದಾವಣಗೆರೆಯ ಉಣ್ಣೆ ವ್ಯಾಪಾರಿ ಚಾಂದ್ ಪಾಷಾ ಹಿಂದಿನ ದಿನ ಬಂದು ಸುದ್ದಿ ಹೇಳಿ ಹೋಗಿದ್ದ. ಚೀನಾದವರ ಜೊತೆ ಯುದ್ಧ ಹತ್ತಿದೆ, ಸಿಪಾಯಿಗಳಿಗೆಂದು ಸರ್ಕಾರ ಕಂಬಳಿ ಕೊಳ್ಳುತ್ತಿದೆ, ಹರಿಹರದಲ್ಲಿ ಸಾಹೇಬರು ಬಂದು ಕೂತಿದ್ದಾರೆ ಎಂದಿದ್ದ. "ಅಲ್ಲಿ ಮೊಣಕಾಲುಮಟ ಹಿಮ ಬೀಳ್ತೈತಂತೆ. ನಮ್ಮ ಹುಡುಗ್ರು ತೆಳ್ಳನೆ ಅಂಗಿ ಮ್ಯಾಲೆ ನಿಂತಾರಂತೆ," ಎಂದವನು, ಈ ಮನೆಯ ಮಗ ಗುತ್ತೆಪ್ಪನೂ ದಂಡಿನಲ್ಲಿರುವುದು ನೆನಪಾಗಿ, ಮಾತು ಅಲ್ಲಿಗೇ ನುಂಗಿಕೊಂಡಿದ್ದ.

"ನಾನು ನೇಯ್ದಿದ್ದು ಅವನಿಗೇ ಮುಟ್ತೈತೆ ಅಂತಲ್ಲ," ಎಂದ ಮೈಲಾರಲಿಂಗಪ್ಪ, ತಲೆ ಎತ್ತದೆ. "ಯಾರ ಮಗನ ಮೈಮ್ಯಾಲೆ ಬಿದ್ರೂ ಬೀಳ್ಲಿ. ಇನ್ಯಾವಳೋ ತಾಯಿ ಮನೆ ಕಂಬಳಿ ನಮ್ಮೋನ ಮ್ಯಾಲೆ ಬೀಳ್ತೈತೆ."

ಕೊಟ್ರವ್ವ ಕೈ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಮರಿಗಳ ಕಾಲು ಹಿಡಿದು ಕೊಟ್ಟವಳೂ ಅವಳೇ.

ಅಂದಿನಿಂದ ಅವಳ ಕೈಯಲ್ಲಿ ಉಣ್ಣೆ ನೂಲುವ ಕದಿರು ನಿಲ್ಲಲಿಲ್ಲ. ಅವನು ಮಗ್ಗದ ಕುಣಿಯಿಂದ ಎದ್ದದ್ದು ಉಣ್ಣಲಿಕ್ಕೆ ಮಾತ್ರ. ಮನೆಯೆಲ್ಲ ಕಂಬಳಿಗೆ ಹಚ್ಚುವ ಹುಣಸೆ ಬೀಜದ ಗಂಜಿಯ ವಾಸನೆ. ಹೊರಗೆ ರೊಪ್ಪದಲ್ಲಿ ಬೋಳು ಮೈಯ ಕುರಿಗಳು ಒಂದರ ಹೊಟ್ಟೆಗೊಂದು ಮುಖ ಒತ್ತಿ ನಿಲ್ಲುತ್ತಿದ್ದವು. ಕೊಟ್ರವ್ವ ಸಂಜೆಯಾಗುತ್ತಲೇ ಅವುಗಳ ಚಳಿಗೆ ಹೊಟ್ಟಿನ ಹೊಗೆ ಹಾಕುವಳು. ಅತ್ತ ಕಡೆ ಹೆಚ್ಚು ನೋಡದೆ ಒಳಗೆ ಬರುವಳು.

ಕಂಬಳಿಗಳನ್ನು ಗಾಡಿಗೆ ಹೇರಿದ ದಿನವೇ ಜಡಿಮಳೆ ಹಿಡಿಯಿತು. ಗಂಡ ಹೆಂಡತಿ ತಾವು ನೆನೆಯುತ್ತ, ಕಂಬಳಿಯ ಮೇಲೆ ತಾಡಪಾಲು ಹೊದಿಸಿ ಹರಿಹರಕ್ಕೆ ಬಂದರು. ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಆಳುಗಳು ಮೇಜು ಎತ್ತಿ ಇಡುತ್ತಿದ್ದರು. ಸಾಹೇಬರು ಚಿಕ್ಕ ವಯಸ್ಸಿನವರು. ಒಂದು ಕಂಬಳಿಯ ಅಂಚನ್ನು ಮುಟ್ಟಿ ನೋಡಿ, ಕೈ ಹಿಂದಕ್ಕೆ ತೆಗೆದುಕೊಂಡರು.

"ಕಂಬಳಿ ಚೆನ್ನಾಗಿದೆಯಮ್ಮಾ. ಆದರೆ ಯುದ್ಧ ನಿಂತುಹೋಯಿತು. ಖರೀದಿ ನಿಲ್ಲಿಸಿ ಅಂತ ಮೇಲಿಂದ ಆರ್ಡರ್ ಬಂದಿದೆ."

ಮೈಲಾರಲಿಂಗಪ್ಪ ಅರ್ಥವಾಗದವನಂತೆ ಹೆಂಡತಿಯ ಕಡೆ ನೋಡಿದ.

"ಯುದ್ಧ ನಿಂತ್ರೆ ಚಳಿ ನಿಲ್ತೈತೇನ್ರಿ, ಸಾಹೇಬ್ರ?" ಎಂದಳು ಕೊಟ್ರವ್ವ.

ಸಾಹೇಬರು ಆಳಿಗೆ ಹೇಳಿ ಇಬ್ಬರಿಗೂ ಚಹಾ ತರಿಸಿಕೊಟ್ಟರು. ಅದು ಗಂಡ ಹೆಂಡತಿಯ ಕೈಯಲ್ಲೇ ಆರಿತು.

ಊರಿಗೆ ಮರಳುವಾಗ ಗಾಳಿ ಎದುರಿಗಿತ್ತು. ರೊಪ್ಪದ ಬಾಗಿಲು ತೆಗೆದಾಗ ಮರಿಗಳು ಗೋಡೆಯ ಬುಡದಲ್ಲಿ ಸಾಲಾಗಿ ಮಲಗಿದ್ದವು. ಮುಟ್ಟಿದರೆ ಸೆಟೆದಿದ್ದವು. ತಾಯಿ ಕುರಿಯೊಂದು ತನ್ನ ಮರಿಯನ್ನು ಮೂತಿಯಿಂದ ಎಬ್ಬಿಸುತ್ತಲೇ ಇತ್ತು. ಇಬ್ಬರೂ ಗಾಡಿಯಿಂದ ಕಂಬಳಿ ಎಳೆದೆಳೆದು ತಂದು ಉಳಿದವುಗಳಿಗೆ ಹೊದಿಸಿದರು. ಆದರೂ ಜಡಿ ಬಿಡುವಷ್ಟರಲ್ಲಿ ಹಿಂಡು ಅರ್ಧಕ್ಕಿಂತ ಕಡಿಮೆಯಾಗಿತ್ತು. ಸುದ್ದಿ ತಿಳಿದು ಚಾಂದ್ ಪಾಷಾ ಬಂದು ಕಟ್ಟೆಯ ಮೇಲೆ ಕೂತ. "ನನ್ನ ಬಾಯಿಂದ್ಲೇ ಬಂತಲ್ಲ ಆ ಕಂಬಳಿ ಸುದ್ದಿ, ಕೊಟ್ರವ್ವ," ಎಂದು ಟೋಪಿ ತೆಗೆದು ತಲೆ ತಗ್ಗಿಸಿದ. ಅವಳು ಅವನಿಗೆ ಒಂದು ಕಟುಮಾತೂ ಆಡಲಿಲ್ಲ.

ಸಂಕ್ರಾಂತಿ ಮುಗಿದ ಮೇಲೆ ಗುತ್ತೆಪ್ಪ ಬಂದ. ಕಾಲ್ಬೆರಳುಗಳನ್ನು ಹಿಮ ತಿಂದಿತ್ತು. ಬಲಗೈಯ ಬೆರಳುಗಳನ್ನು ಡಾಕ್ಟರು ತೆಗೆದಿದ್ದರು. ಹರಿಹರದ ಸ್ಟೇಷನ್ನಿನಲ್ಲಿ ಅಪ್ಪ ಅವನನ್ನು ಇಳಿಸಿಕೊಂಡು, ಸಣ್ಣವನಿದ್ದಾಗ ಹೊತ್ತಂತೆ ಬೆನ್ನಮೇಲೆ ಹೊತ್ತು ಗಾಡಿಯವರೆಗೂ ತಂದ.

ಮನೆಯಲ್ಲಿ ಕೊಟ್ರವ್ವ ರೊಟ್ಟಿ ಮುರಿದು ಮಗನ ಬಾಯಿಗೆ ಇಟ್ಟಳು.

"ಅಲ್ಲಿ ಹೊದಿಯಾಕೆ ಏನು ಕೊಟ್ಟಿದ್ರಪ್ಪಾ?"

"ಇಬ್ರಿಗೊಂದು ಕಂಬಳಿ ಇತ್ತವ್ವ," ಎಂದ ಗುತ್ತೆಪ್ಪ. ಬಾಯಲ್ಲಿದ್ದ ತುತ್ತು ನುಂಗಿ, "ಆಮ್ಯಾಲೆ ನನಗೊಬ್ಬನಿಗೇ ಆತು," ಎಂದ.

ಅವಳು ಮತ್ತೆ ರೊಟ್ಟಿ ಮುರಿದಳು. ಅವನು ಬಾಗಿಲಾಚೆಯ ರೊಪ್ಪವನ್ನು ನೋಡುತ್ತಿದ್ದ.

"ಕುರಿ ಎಲ್ಲಿ? ಇಷ್ಟೇ ಅದಾವಲ್ಲ?"

ಮೈಲಾರಲಿಂಗಪ್ಪ ಬಾಯಿ ತೆರೆದ.

"ಮಾರಿದ್ವಿ," ಎಂದಳು ಕೊಟ್ರವ್ವ. "ಒಳ್ಳೆ ಗಿರಾಕಿ ಬಂದಿದ್ದ."

"ಚಲೋ ಆತು ಬಿಡು," ಎಂದು ಗುತ್ತೆಪ್ಪ ಅಗಿಯತೊಡಗಿದ.

ಮೈಲಾರಲಿಂಗಪ್ಪ ಎದ್ದು ಹೊರಗೆ ಹೋದ. ಕೊಡ ಎತ್ತಿಕೊಂಡು ಕುರಿಗಳ ಬಾನಿಗೆ ನೀರು ಸುರಿಯತೊಡಗಿದ. ಬಾನಿ ಮೊದಲೇ ತುಂಬಿತ್ತು. ನೀರು ಅಂಚು ದಾಟಿ ಅವನ ಪಾದಗಳ ಸುತ್ತ ಹರಿಯುತ್ತಿದ್ದರೂ ಅವನು ಸುರಿಯುತ್ತಲೇ ಇದ್ದ.