ನಲವತ್ತಮೂರು ಉಸಿರು

ಹಾಡು ಹೊರಬಿದ್ದದ್ದು ಗುರುವಾರ ಬೆಳಗ್ಗೆ ಹತ್ತಕ್ಕೆ. ಹತ್ತೂಕಾಲಿಗೆಲ್ಲ ಅಭಿಮಾನಿಗಳು ಎರಡು ಬಣವಾಗಿ ಒಬ್ಬರ ಜುಟ್ಟು ಇನ್ನೊಬ್ಬರು ಹಿಡಿದಾಗಿತ್ತು.

‘ಹನ್ನೊಂದು ವರ್ಷ ಕಾಯಿಸಿ ಕೊಟ್ಟಿದ್ದು ಇದನ್ನಾ?’ ಎಂದು ಒಬ್ಬ ಬರೆದಿದ್ದ. ‘ಎಪ್ಪತ್ತೆರಡನೇ ವಯಸ್ಸಲ್ಲಿ ನೀನು ಎರಡು ಮಹಡಿ ಮೆಟ್ಟಿಲು ಹತ್ತಿ ತೋರಿಸು, ಆಮೇಲೆ ಬಾಯಿ ಬಿಡು’ ಎಂದು ಅದರ ಕೆಳಗೇ ಇನ್ನೊಬ್ಬ. ‘ಗುರುಗಳೇ, ಕಣ್ಣು ತುಂಬಿ ಬಂತು.’ ‘ಇದು ಕಂಪ್ಯೂಟರ್ ಹಾಡಿದ್ದು, ಬೇಕಾದ್ರೆ ಬರೆದಿಟ್ಕೊಳ್ಳಿ.’ ‘ದನಿ ಅವರದ್ದೇ. ಆದ್ರೆ ಬಾಗಿಲು ತೆಗೆದಿದ್ದು ಒಳಗೆ ಯಾರೂ ಇಲ್ಲದ ಹಾಗಿದೆ.’ ಯಾರೋ ಒಬ್ಬರು ಯಾವ ಬಣಕ್ಕೂ ಸೇರದೆ, ‘ನಮ್ಮಪ್ಪ ಕಾರಲ್ಲಿ ಇವರ ಕ್ಯಾಸೆಟ್ಟೇ ಹಾಕೋರು’ ಎಂದಷ್ಟೇ ಬರೆದು ಸುಮ್ಮನಾಗಿದ್ದರು.

ಇವನ್ನೆಲ್ಲ ಓದಿ ಒಂದೊಂದನ್ನು ಒಂದೊಂದು ಚೀಟಿಗೆ ಮುದ್ರಿಸುವ ಕೆಲಸ ಮೌನಮ್ಮನ ಪಾಲಿಗೆ ಬಂದಿತ್ತು. ಅವಳ ನಿಜವಾದ ಹೆಸರು ಅದಲ್ಲ. ಸ್ಟುಡಿಯೋದ ಯಜಮಾನರು ಇಟ್ಟ ಹೆಸರು. ಕೆಲಸಕ್ಕೆ ಸೇರಿದ ಮೊದಲ ವಾರ ಅವಳಾಡಿದ ಮಾತುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದಿತ್ತು, ಅದಕ್ಕೆ. ಡಿಗ್ರಿ ಮುಗಿಸಿ ಬಂದವಳು, ಕಿವಿ ಚುರುಕು, ಬಾಯಿ ಇಲ್ಲ. ಧ್ವನಿ ತಿದ್ದುವ ಕೆಲಸಕ್ಕೆ ಇದಕ್ಕಿಂತ ಇನ್ನೇನು ಬೇಕು ಎಂದು ಯಜಮಾನರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

“ಇನ್ನೂರು ಚೀಟಿ ಸಾಕು ಕಣಮ್ಮ. ಮೊದಲು ಬಂದ ಇನ್ನೂರು. ಆರಿಸೋ ಹಾಗಿಲ್ಲ,” ಎಂದಿದ್ದರು ಅವರು. “ಶನಿವಾರ ಗಾಯಕರು ಬರ್ತಾರೆ. ಹೊಗಳಿದ್ದು ಒಂದು ಕಡೆ, ಬೈದದ್ದು ಒಂದು ಕಡೆ. ಅವರ ಪದ್ಧತಿ ಗೊತ್ತಲ್ಲ?”

ಗೊತ್ತಿತ್ತು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಕ್ಯಾಸೆಟ್ಟಿನ ಕಾಲದಿಂದಲೂ ಗಾಯಕರು ಹಾಗೆಯೇ. ಹೊಸ ಹಾಡು ಬಂದಮೇಲೆ ಅಂಚೆಯಲ್ಲಿ ಬಂದ ಕಾಗದಗಳನ್ನು ಮೇಜಿನ ಮೇಲೆ ಎರಡು ರಾಶಿ ಮಾಡಿಸುವರು. ಬೈದ ರಾಶಿ ಎತ್ತರವಾದ ದಿನ ನಿಲ್ಲಿಸಿಬಿಡುತ್ತೇನೆ ಎಂದು ಮೂವತ್ತು ವರ್ಷದ ಹಿಂದೆಯೇ ಹೇಳಿಟ್ಟಿದ್ದರು. ಈವರೆಗೆ ಆಗಿರಲಿಲ್ಲ. ಇನ್ನೂ ನಾಲ್ಕು ಹಾಡು ಹಾಡಲಿಕ್ಕಿತ್ತು, ರಾಗ ಕೂಡಿಸಿ ಆಗಿತ್ತು. ಅವು ಹೊರಬರುವುದೋ, ಇವರು ಇಲ್ಲಿಗೇ ಕೈ ಮುಗಿಯುವರೋ ಎಂಬುದು ಶನಿವಾರದ ಮೇಜಿನ ಮೇಲಿತ್ತು. ಗಾಯಕರು ತಮ್ಮ ಹಾಡನ್ನು ಹಾಡಿದಮೇಲೆ ತಾವು ಕೇಳುವವರೂ ಅಲ್ಲ. ಹೇಗಿದೆಯೆಂದು ಜನ ಹೇಳಬೇಕು, ಅಷ್ಟೇ.

ಶುಕ್ರವಾರ ಮಧ್ಯಾಹ್ನ ಲೆಕ್ಕ ಹಾಕಿದಾಗ ಹೊಗಳಿಕೆ ತೊಂಬತ್ತಮೂರು, ಬೈಗುಳ ನೂರಾ ನಾಲ್ಕು ಬಂದವು. ಮೂರು ಚೀಟಿ ಎತ್ತಲೂ ಸೇರಲಿಲ್ಲ. ಯಜಮಾನರು ಇಣುಕಿ ನೋಡಿ ತುಟಿ ಕಚ್ಚಿದರು.

“ವಯಸ್ಸಾಯ್ತು. ಏನ್ ಮಾಡೋಕಾಗುತ್ತೆ? ಕಂಠ ಏನು ಕಬ್ಬಿಣದ್ದಾ?”

ಮೌನಮ್ಮ ತಲೆಯಾಡಿಸಿದಳು. ಅವಳಿಗೆ ಹೌದೆನ್ನಿಸಲೂ ಇಲ್ಲ, ಅಲ್ಲವೆನ್ನಿಸಲೂ ಇಲ್ಲ. ಈ ನಾಲ್ಕು ತಿಂಗಳಿಂದ ಅವಳಿಗೆ ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಕಾಫಿ ನಾಲಿಗೆ ಸುಟ್ಟರೆ ಸುಟ್ಟದ್ದು ಆಮೇಲೆ ಯಾವಾಗಲೋ ತಿಳಿಯುತ್ತಿತ್ತು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಕಾಲು ಬೇರೆ ಯಾರದ್ದೋ ಎಂಬಂತೆ ನೋಡುವಳು. ಅಪ್ಪ ಹೋಗಿ ನಾಲ್ಕು ತಿಂಗಳಾಗಿತ್ತು. ಅಳು ಇವತ್ತು ಬರಬಹುದು, ನಾಳೆ ಬರಬಹುದು ಎಂದು ಅಮ್ಮ ಕಾದು ಕಾದು, ಈಗ ಕಾಯುವುದನ್ನು ಬಿಟ್ಟಿದ್ದಳು.

ಆ ಸ್ಟುಡಿಯೋಗೆ ಹಾಡುಗಳು ಬರುವುದೇ ಅಪರೂಪ. ವರ್ಷದ ಹೆಚ್ಚಿನ ದಿನ ಅಲ್ಲಿ ನಡೆಯುತ್ತಿದ್ದದ್ದು ಲಿಫ್ಟಿನ ಪ್ರಕಟಣೆ, ಆಸ್ಪತ್ರೆಯ ಟೋಕನ್ ಸಂಖ್ಯೆ, ಪುಸ್ತಕ ಓದಿಸಿ ಧ್ವನಿ ಮುದ್ರಿಸುವುದು, ಇಂಥವು. ಅವುಗಳಲ್ಲಿ ಮೊದಲ ಕೆಲಸ ಉಸಿರು ತೆಗೆಯುವುದು. ಓದುವವರು ವಾಕ್ಯ ವಾಕ್ಯಕ್ಕೂ ಎಳೆದುಕೊಳ್ಳುವ ಉಸಿರನ್ನು ಪರದೆಯ ಮೇಲೆ ಗುರುತಿಸಿ, ಕತ್ತರಿಸಿ, ಆ ಜಾಗಕ್ಕೆ ಖಾಲಿ ಕೋಣೆಯ ಸದ್ದನ್ನು ತುಂಬಬೇಕು. ಖಾಲಿ ಕೋಣೆಗೂ ಒಂದು ಸದ್ದಿರುತ್ತದೆ. ಬರೀ ನಿಶ್ಶಬ್ದ ತುಂಬಿದರೆ ಕೇಳುವವರಿಗೆ ಕಿವಿ ಮುಚ್ಚಿದಂತಾಗುತ್ತದೆ. ಅದಕ್ಕೇ ಪ್ರತಿ ಮುದ್ರಣಕ್ಕೂ ಮುಂಚೆ ಎಲ್ಲರನ್ನೂ ಆಚೆ ಕಳಿಸಿ ಒಂದು ನಿಮಿಷ ಬರೀ ಕೋಣೆಯನ್ನು ಮುದ್ರಿಸಿಟ್ಟುಕೊಳ್ಳುತ್ತಿದ್ದರು. ಮೌನಮ್ಮ ಈ ಕೆಲಸದಲ್ಲಿ ಎತ್ತಿದ ಕೈ.

ಹಾಡಿನಲ್ಲಿ ಹಾಗೆ ಮಾಡುವುದಿಲ್ಲ. ತೀರ ದೊಡ್ಡದಾಗಿ ಕೇಳಿಸಿದ್ದನ್ನು ಚೂರು ತಗ್ಗಿಸಿ ಬಿಡುತ್ತಾರೆ. ಅದೂ ಅವಳಿಗೆ ಗೊತ್ತಿತ್ತು. ಆದರೆ ಗಾಯಕರ ಹಾಡು ಅವಳ ಮುಂದೆ ಬಂದಾಗ ಯಜಮಾನರು ಮೂರು ದಿನ ಜ್ವರದಿಂದ ಮಲಗಿದ್ದರು, ಕೇಳುವವರಿರಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೂತಳು. ವಾದ್ಯಗಳನ್ನೆಲ್ಲ ಮುಚ್ಚಿ ದನಿಯೊಂದನ್ನೇ ತೆರೆದಳು. ಮೊದಲ ಸಾಲಿಗೆ ಮುಂಚೆ ಗಾಯಕರು ಉಸಿರೆಳೆದರು. ತುಸು ತಡವರಿಸಿ, ಎದೆಯೊಳಗೆ ಏನೋ ಕೆರೆದಂತಾಗಿ, ಆಮೇಲೆ ತುಂಬ ಒಳಕ್ಕೆ.

ಅಪ್ಪನ ಮಂಚದ ಪಕ್ಕ ಒಂಬತ್ತು ದಿನ ಕೂತು ಅವಳು ಕೇಳಿದ್ದು ಅದನ್ನೇ. ಒಂದಾದಮೇಲೆ ಒಂದು. ಮುಂದಿನದು ಬರುತ್ತದೋ ಇಲ್ಲವೋ ಎಂದು ಎಣಿಸುತ್ತಾ ಕೂತಿದ್ದಳು.

ಅವಳ ಕೈ ತಾನಾಗಿ ಹೋಗಿ ಅದನ್ನು ಕತ್ತರಿಸಿತು. ಆಮೇಲೆ ಇನ್ನೊಂದನ್ನು. ಹಾಡು ಮುಗಿಯುವ ಹೊತ್ತಿಗೆ ನಲವತ್ತಮೂರು ಉಸಿರು ತೆಗೆದಾಗಿತ್ತು. ಕೆಲಸದ ಪುಸ್ತಕದಲ್ಲಿ ಎಂದಿನಂತೆ ಬರೆದಳು: ‘ಉಸಿರು: ಎಲ್ಲ ತೆಗೆದಿದೆ, 43.’ ಆ ಪುಸ್ತಕವನ್ನು ಅವಳ ಹೊರತು ಯಾರೂ ತೆರೆಯುತ್ತಿರಲಿಲ್ಲ.

ಶುಕ್ರವಾರ ಸಂಜೆ ಮನೆಗೆ ಬಂದರೆ ಸೋದರಮಾವ ಬಂದು ಕೂತಿದ್ದ. ಮಾವನದು ಕನ್ನಡಕದ ಅಂಗಡಿ. ಹರೆಯದಲ್ಲಿ ಗಾಯಕರ ಅಭಿಮಾನಿ ಸಂಘಕ್ಕೆ ಕಾರ್ಯದರ್ಶಿಯಾಗಿದ್ದವನು. ಸಂಘ ಮುಚ್ಚಿ ಯಾವ ಕಾಲವಾಗಿದ್ದರೂ ಅವನಿನ್ನೂ ರಾಜೀನಾಮೆ ಕೊಟ್ಟಿರಲಿಲ್ಲ.

“ಬಾರಮ್ಮಾ, ಬಾ. ನಮ್ಮ ಗುರುಗಳನ್ನ ಏನು ಮಾಡಿಬಿಟ್ರಿ ನೀವೆಲ್ಲ ಸೇರಿ?”

“ಅವಳು ಈಗ ತಾನೇ ಬಂದಿದ್ದಾಳೆ. ಚಪ್ಪಲಿನಾದ್ರೂ ಬಿಡ್ಲಿ,” ಎಂದಳು ಅಮ್ಮ ಅಡುಗೆಮನೆಯಿಂದ.

“ಚಪ್ಪಲಿ ಬಿಡೋಕೆ ನಾನೇನು ಅಡ್ಡ ನಿಂತಿದೀನಾ ಅಕ್ಕ? ಪಕ್ಕದ ಅಂಗಡಿ ಟೈಲರ್ ಇದಾನಲ್ಲ, ಆ ಕತ್ತರಿ, ಇವತ್ತು ನನ್ನ ಮುಖಕ್ಕೇ ಹೇಳ್ತಾನೆ. ‘ನಿಮ್ಮ ಗುರುಗಳ ಕಥೆ ಮುಗೀತು ಬಿಡಿ’ ಅಂತ. ಸುಮ್ನೆ ಬಿಡ್ತೀನಾ? ಜಗಳ ಆಡ್ದೆ. ಆಡ್ದೆ, ಆದ್ರೆ ಒಳಗೊಳಗೆ ನಂಗೂ ಅನುಮಾನ. ಸುಳ್ಳು ಯಾಕೆ ಹೇಳ್ಲಿ?”

“ಏನು ಸರಿ ಇಲ್ಲ ಮಾವ?” ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು.

“ಅದೇ ಗೊತ್ತಾಗ್ತಿಲ್ವಲ್ಲೇ! ಶ್ರುತಿ ಸರಿ ಇದೆ. ತಾಳ ಸರಿ ಇದೆ. ಊಟಕ್ಕೆ ಕರೆದು ಎಲೆ ಹಾಕಿ ಬಡಿಸೋದು ಮರೆತ ಹಾಗಿದೆ. ಅವ್ರು ಹಾಡೋದು ಹೇಗೆ ಅಂತ ನಂಗೊತ್ತಿಲ್ವಾ? ನೋಡಿಲ್ಲಿ…”

ಮಾವ ಎದ್ದು ನಿಂತ. ಕನ್ನಡಕ ತೆಗೆದು ಅಂಗಿಯ ಜೇಬಿಗಿಟ್ಟ. ಕಣ್ಣು ಮುಚ್ಚಿ, ಗದ್ದ ತುಸು ಎತ್ತಿ, ಎರಡೂ ಭುಜ ಮೇಲೇರುವ ಹಾಗೆ ಸದ್ದು ಮಾಡಿ ಉಸಿರೆಳೆದುಕೊಂಡ. ಆಮೇಲೆ ಹಾಡಿದ. ಅಪಶ್ರುತಿ. ಅಮ್ಮ ಸೌಟು ಹಿಡಿದು ಬಾಗಿಲಿಗೆ ಬಂದು ನಿಂತಳು.

“ಥೇಟ್ ಅವರ ಹಾಗೇ,” ಎಂದಳು. “ಇವಳಪ್ಪನೂ ಸ್ನಾನದ ಮನೇಲಿ ಹೀಗೇ ಶುರು ಮಾಡ್ತಿದ್ರು. ಹಾಡು ಬರ್ತಿರ್ಲಿಲ್ಲ, ಆ ಎಳೆಯೋದು ಮಾತ್ರ ಬರ್ತಿತ್ತು.”

ಮೌನಮ್ಮ ಕುರ್ಚಿಯ ಬೆನ್ನು ಹಿಡಿದಳು. ಗಾಯಕರನ್ನು ಅಣಕಿಸುವವರೆಲ್ಲ, ಶಾಲೆಯ ವೇದಿಕೆಯಲ್ಲಾಗಲಿ ಬಸ್ಸಿನ ಹಿಂದಿನ ಸೀಟಿನಲ್ಲಾಗಲಿ, ಹೀಗೇ ಶುರುಮಾಡುತ್ತಿದ್ದರು. ಮಾವ ತನಗೆ ತಿಳಿಯದ ಹಾಗೆ ಅದನ್ನು ಮಾಡಿ ತೋರಿಸಿ, ಏನು ತಪ್ಪಿದೆಯೆಂದು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದ. ಬಾಯಿ ತೆರೆದರೆ ಅವಳೊಬ್ಬಳೇ ಹೇಳಬಲ್ಲ ಮಾತು ಅದು. ಕಾಫಿ ಬಂತು. ಕುಡಿದಳು. ನಾಲಿಗೆ ಸುಟ್ಟಿತೋ ಇಲ್ಲವೋ.

ಶನಿವಾರ ಏಳಕ್ಕೇ ಸ್ಟುಡಿಯೋದ ಬೀಗ ತೆಗೆದಳು. ಆ ಕೆಲಸದಲ್ಲಿ ಕತ್ತರಿಸಿದ್ದನ್ನು ಯಾರೂ ಬಿಸಾಡುವುದಿಲ್ಲ. ಪರದೆಯ ತೀರ ಕೆಳಗಿನ ಸಾಲಿನಲ್ಲಿ ನಲವತ್ತಮೂರೂ ಉಸಿರು ತಮ್ಮ ತಮ್ಮ ಜಾಗದಲ್ಲೇ ಬಾಯಿ ಮುಚ್ಚಿ ಕೂತಿದ್ದವು. ಒಂದೊಂದನ್ನೇ ಮೇಲಕ್ಕೆ ತಂದು, ಅಂಚು ಕೂಡಿಸಿ, ಕೂಡಿದ ಗುರುತು ಉಳಿಯದ ಹಾಗೆ ಕೇಳಿ ನೋಡಬೇಕು. ಕೇಳದೆ ಮಾಡುವ ದಾರಿಯಿಲ್ಲ. ಹದಿನೆಂಟನೆಯದಕ್ಕೆ ಕೈ ನಿಂತಿತು. ಎದ್ದು ಹೋಗಿ ನಲ್ಲಿ ಬಿಟ್ಟು ಮಣಿಕಟ್ಟಿನ ಮೇಲೆ ನೀರು ಸುರಿದುಕೊಂಡಳು. ನೀರು ತಣ್ಣಗಿತ್ತು ಎಂಬುದು ತಿಳಿಯಿತು. ಬಂದು ಹತ್ತೊಂಬತ್ತನೆಯದನ್ನು ಶುರುಮಾಡಿದಳು.

ಹನ್ನೊಂದಕ್ಕೆ ಗಾಯಕರು ಬಂದರು. ಎರಡು ಮಹಡಿ ಹತ್ತಿ ಬಾಗಿಲಲ್ಲಿ ಒಂದು ಕ್ಷಣ ನಿಂತು, ಚೌಕಟ್ಟು ಹಿಡಿದು ಸುಧಾರಿಸಿಕೊಂಡರು. ಮೇಜಿನ ಮೇಲೆ ಎರಡು ರಾಶಿ. ಅವರು ಕೂರಲಿಲ್ಲ. ಎರಡರ ಮೇಲೂ ಒಂದೊಂದು ಅಂಗೈ ಊರಿ ಎತ್ತರ ನೋಡಿದರು. ಮಕ್ಕಳ ತಲೆ ಸವರಿದ ಹಾಗಿತ್ತು.

“ಎಡಗಡೇದು ಯಾವ್ದು?”

“ಅದು… ಬೈದದ್ದು ಗುರುಗಳೇ,” ಎಂದರು ಯಜಮಾನರು. “ಏನ್ ಮಹಾ, ಒಂದು ಹತ್ತು ಚೀಟಿ ಹೆಚ್ಚು.”

“ಹತ್ತಾದ್ರೇನು, ಒಂದಾದ್ರೇನು.” ಗಾಯಕರು ಮೇಲಿನ ಚೀಟಿಯೊಂದನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ಓದಿದರು. “‘ಒಳಗೆ ಯಾರೂ ಇಲ್ಲದ ಹಾಗಿದೆ.’ ಹ್ಞೂಂ. ಚೆನ್ನಾಗಿ ಬರೆದಿದಾನೆ, ಮುಂಡೇದು.” ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. “ಸರಿ ಬಿಡಿ. ಮಾತು ಅಂದ್ರೆ ಮಾತು. ಇಲ್ಲಿಗೆ ಸಾಕು.”

ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಬರುತ್ತಾ ಕೀಂ ಕೀಂ ಎನ್ನುತ್ತಿತ್ತು.

“ಆ ರಾಶಿ ನಂದು ಸಾರ್.”

ಇಬ್ಬರೂ ತಿರುಗಿದರು. ಮಾತಾಡಿದ್ದು ಇವಳೇನಾ ಎಂಬಂತೆ ಯಜಮಾನರು ಅವಳ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು. ಮೌನಮ್ಮ ಕೆಲಸದ ಪುಸ್ತಕವನ್ನು ತೆರೆದು ಮೇಜಿನ ಮೇಲಿಟ್ಟು, ಆ ಸಾಲಿನ ಕೆಳಗೆ ಬೆರಳಿಟ್ಟಳು.

“ಎಲ್ಲ ತೆಗೆದಿದೆ ಅಂದ್ರೆ?” ಎಂದರು ಗಾಯಕರು.

“ನಿಮ್ಮ ಉಸಿರು ಸಾರ್. ಒಂದೂ ಬಿಡದೆ ತೆಗೆದುಬಿಟ್ಟೆ.”

“ಅಯ್ಯೋ ನಿನ್ನ!” ಯಜಮಾನರು ಹಣೆ ಚಚ್ಚಿಕೊಂಡರು. “ಅದೇನು ಲಿಫ್ಟಾ? ಮೂರನೇ ಮಹಡಿ, ಬಾಗಿಲು ತೆರೆಯುತ್ತಿದೆ ಅಂತ ಹೇಳ್ತಿದ್ರಾ ಅವ್ರು?”

ಗಾಯಕರು ಕೈಯೆತ್ತಿ ಅವರನ್ನು ಸುಮ್ಮನಾಗಿಸಿದರು. ಮೌನಮ್ಮ ಹೊಸದಾಗಿ ಕೂಡಿಸಿದ್ದನ್ನು ಸ್ಪೀಕರಿಗೆ ಹಾಕಿದಳು. ತಮ್ಮ ಹಾಡನ್ನು ಎಂದೂ ಕೇಳದ ಮನುಷ್ಯ ಮೇಜಿಗೆ ಒರಗಿ ನಿಂತು ಕೇಳಿದರು. ನಾಲ್ಕು ನಿಮಿಷ ಹತ್ತು ಸೆಕೆಂಡು. ಮುಗಿದಮೇಲೆ ಕನ್ನಡಕ ಒರೆಸಿಕೊಂಡರು.

“ಮುದುಕ ಏದುಸಿರು ಬಿಡ್ತಾ ಇದಾನೆ,” ಎಂದರು. ಅದರಲ್ಲಿ ನಗುವೂ ಇತ್ತು, ಇರಲೂ ಇಲ್ಲ. “ಅಷ್ಟು ಅಸಹ್ಯ ಅನ್ನಿಸ್ತೇನಮ್ಮಾ, ಕೇಳೋಕೆ?”

“ಇಲ್ಲ ಸಾರ್. ನಮ್ಮಪ್ಪ… ಆಸ್ಪತ್ರೇಲಿ… ಹೀಗೇ.”

ಗಾಯಕರು ಆ ವಾಕ್ಯವನ್ನು ಪೂರ್ತಿ ಮಾಡಿಸಲಿಲ್ಲ.

“ಎಷ್ಟು ದಿನ?”

“ಒಂಬತ್ತು.”

ಗಾಯಕರು ತಲೆದೂಗಿದರು, ತಾಳ ಎಣಿಸುವವರ ಹಾಗೆ. ಆಮೇಲೆ ಎಡಗಡೆಯ ರಾಶಿಯನ್ನು ಎರಡೂ ಕೈಯಲ್ಲಿ ಅವಳ ಕಡೆಗೆ ತಳ್ಳಿದರು.

“ಹಾಗಾದ್ರೆ ಇದು ನಿನ್ನ ಟಪಾಲು. ನೀನೇ ಓದ್ಕೋ. ನನ್ನ ಹಾಡು ಇನ್ನೂ ಯಾರೂ ಕೇಳೇ ಇಲ್ಲ, ಬೈಯೋದು ಹೇಗೆ?” ಯಜಮಾನರತ್ತ ತಿರುಗಿದರು. “ಇವತ್ತು ಇದನ್ನ ಹಾಕಿ. ಬೈದ್ರೆ ಮುಂದಿನ ಶನಿವಾರ ನೋಡೋಣ. ಹೇಗೂ ಮೆಟ್ಟಿಲು ಹತ್ತಿ ಬಂದಿದೀನಿ, ಎರಡನೇದು ಹಾಡಿಬಿಡ್ತೀನಿ.”

ಯಜಮಾನರು ತಂತಿ ಸರಿಮಾಡಲು ಓಡಿದರು. ಗಾಯಕರು ಗಾಜಿನಾಚೆಯ ಕೋಣೆಗೆ ಹೋಗಿ ಮೈಕಿನ ಮುಂದೆ ನಿಂತರು. ಮುದ್ರಣಕ್ಕೆ ಮುಂಚೆ ಒಂದು ನಿಮಿಷ ಖಾಲಿ ಕೋಣೆಯನ್ನು ಹಿಡಿಯಬೇಕಿತ್ತು. ಅದು ಅವರಿಗೂ ಗೊತ್ತಿತ್ತು.

“ನಾನು ಆಚೆ ಬರ್ಬೇಕಲ್ವಾ?” ಎಂದರು, ಬಾಗಿಲ ಕಡೆ ಹೆಜ್ಜೆಯಿಡುತ್ತಾ.

ಮೌನಮ್ಮ ಗಾಜಿನಾಚೆಗೆ ಮಾತಾಡುವ ಗುಂಡಿ ಒತ್ತಿದಳು.

“ಬೇಡ ಸಾರ್. ಅಲ್ಲೇ ಇರಿ. ಸುಮ್ನೆ ನಿಂತಿರಿ, ಸಾಕು.”

ಅವರು ನಿಂತರು. ಅವಳು ಹೆಡ್‌ಫೋನ್ ಹಾಕಿಕೊಂಡು ಮುದ್ರಣ ಶುರುಮಾಡಿದಳು. ಪರದೆಯ ಮೇಲೆ ಗೆರೆ ಚಪ್ಪಟೆಯಾಗಿ ಹೊರಟಿತು. ಸ್ವಲ್ಪ ಉಬ್ಬಿತು, ಇಳಿಯಿತು. ಮತ್ತೆ ಉಬ್ಬಿತು. ಅವಳು ಸದ್ದು ತಗ್ಗಿಸಲಿಲ್ಲ. ಎಣಿಸಲು ಶುರುಮಾಡಿ, ಏಳಕ್ಕೋ ಎಂಟಕ್ಕೋ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಎಣಿಸದೆ ಸುಮ್ಮನೆ ಕೂತು ನಿಮಿಷ ಮುಗಿಯುವವರೆಗೆ ಕೇಳಿದಳು.