ಇಸ್ತ್ರಿಪೆಟ್ಟಿಗೆ ಉಗುಳಿದ ಕೆಂಪು ನೀರು

ಕಳಸದ ಪೇಟೆಯಲ್ಲಿ ರಹೀಮುನ್ನೀಸಾ ಹೊಲಿಗೆಗೂ ಇಸ್ತ್ರಿಗೂ ಹೆಸರಾದವಳು. ಅವಳ ಸ್ಟೀಮ್ ಇಸ್ತ್ರಿಪೆಟ್ಟಿಗೆಯ ತಳ ಕಪ್ಪಾಗಿತ್ತು, ಆವಿ ಬರುವ ತೂತುಗಳು ಕಟ್ಟಿಕೊಂಡಿದ್ದವು. ಬಿಸಿಯಾಗುತ್ತದಲ್ಲ, ಸಾಕು ಎಂದು ದಿನ ದೂಡುತ್ತಿದ್ದಳು.

ಅಂದು ಅವಳ ಕೈಯಲ್ಲಿದ್ದದ್ದು ಪಕ್ಕದ ಮನೆಯ ಟೀಚರ್ ಸುಭದ್ರಮ್ಮನವರ ಮಗಳು ಪಂಚಮಿ ನಿಶ್ಚಿತಾರ್ಥಕ್ಕೆ ಉಡಬೇಕಿದ್ದ ಕೆನೆಬಣ್ಣದ ಸೀರೆ. ಗಂಡಿನ ಕಡೆಯವರು ಮಧ್ಯಾಹ್ನಕ್ಕೆ ಬರುವವರಿದ್ದರು. ಪೆಟ್ಟಿಗೆ ಸೀರೆಗೆ ತಾಗಿದ್ದೇ ತಡ, ಬುಸ್ಸೆಂದು ಕೆಂಪು ನೀರು ಉಗುಳಿತು. ರಹೀಮುನ್ನೀಸಾ ಪೆಟ್ಟಿಗೆಯನ್ನು ಎತ್ತಿಹಿಡಿದಳು. ಗಾಬರಿಯಲ್ಲಿ ಒದ್ದೆ ಬಟ್ಟೆ ತೆಗೆದುಕೊಂಡು ತಳ ಒರೆಸಲು ಹೋದಳು. ಸ್ವಿಚ್ ಆರಿಸುವುದು ನೆನಪೇ ಆಗಲಿಲ್ಲ. ಕರೆಂಟು ಝುಮ್ಮೆಂದು ಹೊಡೆದು ಅವಳನ್ನು ಗೋಡೆಗೆ ಎಸೆಯಿತು.

ಸದ್ದು ಕೇಳಿ ಓಡಿಬಂದ ಸುಭದ್ರಮ್ಮ ಮೊದಲು ಸ್ವಿಚ್ ಆರಿಸಿ ಪ್ಲಗ್ ಕಿತ್ತರು. ಆಮೇಲೆ ಅವಳ ಕೈ ಹಿಡಿದು ಎಬ್ಬಿಸಿ ಕೂರಿಸಿದರು.

"ಸೀರೆ ಹೋಯ್ತಕ್ಕಾ," ಎಂದಳು ರಹೀಮುನ್ನೀಸಾ.

"ಸೀರೆ ಹೋದ್ರೆ ಹೋಗ್ಲಿ ಮಾರಾಯ್ತಿ. ನೀನೇ ಹೋಗಿದ್ರೆ ಇಲ್ಮಾಗೆ ಯಾರು?"

ಮಗಳ ಹೆಸರು ಕೇಳಿ ರಹೀಮುನ್ನೀಸಾ ಅತ್ತುಬಿಟ್ಟಳು. ಬಿಡಿಸಿ ನೋಡಿದರೆ ಕಲೆ ಬಿದ್ದದ್ದು ಸೀರೆಯ ಒಳಗೆ ಸಿಕ್ಕಿಸುವ ತುದಿಗೆ. ಪಂಚಮಿ ಅದೇ ಸೀರೆ ಉಟ್ಟಳು.

ಮರುದಿನ ರಹೀಮುನ್ನೀಸಾಳ ಗಂಡ, ಮೆಕ್ಯಾನಿಕ್ ನಿಯಾಜ್ ಪೆಟ್ಟಿಗೆ ಬಿಚ್ಚಿ ನೋಡಿದ. ವಯರಿನ ಸಿಪ್ಪೆ ಸವೆದು ಒಳಗಿನ ತಂತಿ ತಳಕ್ಕೆ ತಾಗುತ್ತಿತ್ತು. ಹೊಸ ವಯರ್ ಹಾಕಿ ಪರೀಕ್ಷಿಸಿದ. ಕೊಳೆಯನ್ನು ಅಡುಗೆಸೋಡಾದಿಂದ ತೆಗೆಯೋಣ ಎಂದರು ಸುಭದ್ರಮ್ಮ. ಆದರೆ ಕೊಳೆ ಮಾತ್ರ ಹೋಗುವುದಿಲ್ಲ, ಅಡುಗೆಸೋಡಾದಿಂದ ಮಷಿನ್ ಸರಿಯಾದದ್ದನ್ನು ತಾನು ಕಂಡಿಲ್ಲ ಎಂದ. ಸುಭದ್ರಮ್ಮ ನಕ್ಕು, ನೋಡು ಎಂದು ಕೂತರು.

ಪೆಟ್ಟಿಗೆಯ ಪ್ಲಗ್ ತೆಗೆದಿತ್ತು, ತಳ ತಣ್ಣಗಾಗಿತ್ತು. ಸೋಡಾಕ್ಕೆ ನಾಲ್ಕು ಹನಿ ನೀರು ಬೆರೆಸಿ ಮೆತ್ತನೆ ಬಟ್ಟೆಯಿಂದ ತಳ ಉಜ್ಜಿದರು, ಗೀರು ಬೀಳುತ್ತದೆಂದು ಚಾಕು ಮುಟ್ಟಲಿಲ್ಲ. ಕಡ್ಡಿಗೆ ಹತ್ತಿ ಸುತ್ತಿ ತೂತು ಬಿಡಿಸಿ ಒರೆಸಿದರು. ಒಳಕ್ಕೆ ವಿನಿಗರ್, ನೀರು ಸಮಸಮ ಹಾಕಿ, ಬಿಸಿಮಾಡಿ, ಹಳೆಯ ಬಟ್ಟೆಯ ಮೇಲೆ ಆವಿ ಬಿಟ್ಟರು. ತುಕ್ಕು ಬೆರೆತ ಕೆಂಪು ನೀರು ಇಳಿಯುತ್ತಲೇ ಇತ್ತು.

"ಇಷ್ಟು ಕೊಳೆ ಒಳಗಿತ್ತಾ?" ನಿಯಾಜ್ ದಂಗಾದ.

ಆಮೇಲೆ ಬರೀ ನೀರು ಹಾಕಿ ಮತ್ತೆ ಮತ್ತೆ ಆವಿ ಬಿಟ್ಟರು. ಕೊನೆಗೆ ಬಿಳಿ ಬಟ್ಟೆ ಬಿಳಿಯಾಗೇ ಉಳಿಯಿತು. ಹೊಸ ಪೆಟ್ಟಿಗೆ ಬೇಡ, ಇದೇ ಸಾಕು ಎಂದ ನಿಯಾಜ್.

ಅಕ್ಕತಂಗಿಯರೇ, ನಿಮ್ಮ ಪೆಟ್ಟಿಗೆಯನ್ನೊಮ್ಮೆ ಮಗುಚಿ ನೋಡಿ. ಕಂಪನಿಯವರು ವಿನಿಗರ್ ಬೇಡ ಎಂದಿದ್ದರೆ ಹಾಕಬೇಡಿ. ಕೆಲಸ ಮುಗಿದ ಮೇಲೆ ಒಳಗಿನ ನೀರು ಚೆಲ್ಲಿ. ಮುಟ್ಟಿದಾಗ ಕರೆಂಟು ಚುರುಕ್ಕೆಂದರೆ ಬಳಸದೆ ಮೆಕ್ಯಾನಿಕ್‌ಗೆ ತೋರಿಸಿ. ಒರೆಸುವ ಮೊದಲು ಪ್ಲಗ್ ಕೀಳಿ. ಕಲೆಯಾದ ಸೀರೆ ಉಡಬಹುದು, ಹೋದ ಜೀವ ಬರುವುದಿಲ್ಲ.